ಮೇಷ್ಟ್ರ ಬಲಗಡೆಯ ಕುರ್ಚಿ

ಏಳು ವರ್ಷಗಳ ಹಿಂದೆ, ಆಷಾಢದ ಒಂದು ಶನಿವಾರ ಬೆಳಿಗ್ಗೆ, ನಂದಗುಡಿ ಹೋಬಳಿಯ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನ ಟ್ರಸ್ಟ್ ಸಭೆಯಲ್ಲಿ ನಾನು ಸುಳ್ಳು ಹೇಳಿದೆ. ಹೇಳಿದ್ದು ಎರಡೇ ಮಾತು: 'ನನಗೆ ನೆನಪಿಲ್ಲ.' ಅದರಿಂದ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸರೋಜಮ್ಮ ಸುಳ್ಳುಗಾರ್ತಿ ಎನ್ನಿಸಿಕೊಂಡು ಕೆಲಸ ಬಿಟ್ಟು ಹೋದರು. ಟ್ರಸ್ಟಿನ ಕಾರ್ಯದರ್ಶಿಯಾಗಿದ್ದ ನಾನು ಅಲ್ಲೇ ಉಳಿದೆ.

ನಡೆದದ್ದನ್ನು ನಡೆದ ಹಾಗೆ ಬರೆಯುವುದು ನನ್ನ ಕಸುಬು. ಪತ್ರಿಕೆಯೊಂದಕ್ಕೆ ಹೊಸಕೋಟೆ ತಾಲ್ಲೂಕಿನ ಸುದ್ದಿ ಬರೆದುಕೊಂಡೇ ಬದುಕಿದವನು. ಇದೊಂದನ್ನು ಮಾತ್ರ ಬರೆದಿರಲಿಲ್ಲ.

ಹಾಸ್ಟೆಲ್ ಕಟ್ಟಿದವರು ತಮ್ಮಯ್ಯ ಮೇಷ್ಟ್ರು. ನಮಗೆಲ್ಲ ಹೈಸ್ಕೂಲಿನಲ್ಲಿ ಪಾಠ ಹೇಳಿದವರು. ನಿವೃತ್ತಿಯಾದ ಮೇಲೆ ಊರೂರು ಸೈಕಲ್ ತುಳಿದು ಕಲ್ಲು, ಮರಳು, ರಾಗಿ ಕೇಳಿ ತಂದು ಕಟ್ಟಿಸಿದರು. ಹಳೆಯ ವಿದ್ಯಾರ್ಥಿಗಳನ್ನೇ ಟ್ರಸ್ಟಿಗಳನ್ನಾಗಿ ಮಾಡಿಕೊಂಡರು. ಸಭೆ ನಡೆಯುತ್ತಿದ್ದುದು ಹಾಸ್ಟೆಲಿನ ಜಗಲಿಯ ಮೇಲೆ. ಒಳಗಿನಿಂದ ಹುರುಳಿ ಸಾರಿನ ಒಗ್ಗರಣೆ ವಾಸನೆ ಬರುತ್ತಿತ್ತು. ಆಚೆ ಹೊಲದಲ್ಲಿ ರಾಗಿ ಪೈರು ಓಲಾಡುತ್ತಿತ್ತು. ಮೇಷ್ಟ್ರು ಮೊದಲು ಪ್ರತಿಯೊಬ್ಬರ ಮನೆ ವಿಚಾರ ಕೇಳುತ್ತಿದ್ದರು.

'ಏನಯ್ಯಾ ಗೋಪಾಲ, ನಿನ್ ಹಸು ಈಗ್ಲಾದ್ರೂ ಹಾಲ್ ಕೊಡ್ತೈತೋ, ಇಲ್ಲಾ ಬರೀ ಒದೀತೈತೋ?'

'ಹಸು ಒದೆಯಲ್ಲ ಸಾರ್. ಒದೆಯೋದು ಮನೆಯೋಳು,' ಎನ್ನುತ್ತಿದ್ದ ಡೇರಿಯ ಗೋಪಾಲಪ್ಪ.

ಎಲ್ಲರೂ ನಕ್ಕ ಮೇಲೆ ಮೇಷ್ಟ್ರು ತಮ್ಮ ತೀರ್ಮಾನ ಹೇಳುತ್ತಿದ್ದರು. 'ಸರಿನೇನ್ರಪ್ಪಾ?' ಎನ್ನುತ್ತಿದ್ದರು. ಅಷ್ಟರಲ್ಲಿ ಕಾಫಿ ಬರುತ್ತಿತ್ತು. ಯಾರೂ 'ಬೇಡ' ಅಂದಿದ್ದನ್ನು ನಾನು ಕಾಣೆ. ಮೇಷ್ಟ್ರು ಬಾಯಲ್ಲಿ ಹೇಳಿದರೆ ಮುಗಿಯಿತು. ಅದನ್ನು ಬರೆದುಕೊಡಿ ಎಂದು ಕೇಳುವುದು ಅವಮಾನ ಮಾಡಿದ ಹಾಗೆ. ಇಂದಿಗೂ ಆ ಜಗಲಿಯ ಬೆಳಗುಗಳನ್ನು ನೆನೆದರೆ ನನಗೆ... ಇಷ್ಟು ಹೇಳಬಲ್ಲೆ, ಅಷ್ಟು ಸುಖವಾಗಿ ನಾನು ಇನ್ನೆಲ್ಲೂ ಕೂತಿಲ್ಲ.

ಸುಳ್ಳಿಗೆ ಒಂದು ವರ್ಷ ಮೊದಲು, ಒಂದು ದಿನ ಮೇಷ್ಟ್ರು ನನ್ನನ್ನು ಕೇಳಿದರು: 'ನಿಮ್ಮಪ್ಪ ಹೆಂಗವ್ನೋ?'

ಅಪ್ಪ ತೀರಿಕೊಂಡು ಬಹಳ ಕಾಲವಾಗಿತ್ತು. ಮಣ್ಣಿಗೆ ಬಂದು ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ನಿಂತಿದ್ದವರು ಇದೇ ಮೇಷ್ಟ್ರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

'ಈ ನಡುವೆ ಹಿಂಗಾಗ್ತೈತೆ. ಯಾರ್ಗೂ ಹೇಳ್ಬೇಡ ಕಣೋ.'

ನಾನು ಹೇಳಲಿಲ್ಲ. ಟ್ರಸ್ಟಿಗಳಿಗೂ ಇಲ್ಲ, ಅವರ ಮಗನಿಗೂ ಇಲ್ಲ. ಅಂದಿನಿಂದ ಸಭೆಯಲ್ಲಿ ಅವರ ಬಲಗಡೆಯ ಕುರ್ಚಿಯಲ್ಲಿ ಕೂತು ಪಿಸುಗುಟ್ಟತೊಡಗಿದೆ: 'ಎದುರಿಗಿರೋದು ಗೋಪಾಲಪ್ಪ. ಹಸು ಮಾರಿಬಿಟ್ಟವ್ನೆ, ಅದರ ಮಾತು ಎತ್ಬೇಡಿ.' ಕಾರ್ಯದರ್ಶಿ ಏನೋ ಕೆಲಸದ ವಿಷಯ ಹೇಳುತ್ತಿದ್ದಾನೆ ಎಂದು ಉಳಿದವರು ತಿಳಿದರು. ಮೊದಮೊದಲು ಹೆಸರುಗಳನ್ನಷ್ಟೇ ಹೇಳುತ್ತಿದ್ದೆ. ಆಮೇಲೆ ತೀರ್ಮಾನಗಳನ್ನೂ. ಅಡುಗೆಯವರನ್ನು ಬದಲಾಯಿಸಿದ್ದು, ಹೊಸ ಕೊಳವೆಬಾವಿಗೆ ಜಾಗ ಗುರುತಿಸಿದ್ದು — ಎಲ್ಲ ನಾನೇ, ಮೇಷ್ಟ್ರ ದನಿಯಲ್ಲಿ. ಅವರ ಮೇಲಿನ ಪ್ರೀತಿಗೆ ಹೀಗೆ ಮಾಡಿದೆ ಎಂದು ಬಹಳ ದಿನ ಅಂದುಕೊಂಡೆ. ಪ್ರೀತಿ ಇತ್ತು. ಆದರೆ ಆ ಕುರ್ಚಿ ನನಗೆ ಹಿಡಿಸಿತ್ತು. ಅದನ್ನೂ ಬರೆಯಬೇಕು.

ಹಾಸ್ಟೆಲಿನಲ್ಲಿ ಹತ್ತನೇ ತರಗತಿಯವರೆಗೆ ಮಾತ್ರ ಹುಡುಗಿಯರನ್ನು ಇಟ್ಟುಕೊಳ್ಳುವ ನಿಯಮವಿತ್ತು. ನಾನು ಸುಳ್ಳು ಹೇಳಿದ ವರ್ಷ ಐವರು ಪಾಸಾಗಿ ಹೊಸಕೋಟೆಯಲ್ಲಿ ಪಿಯುಸಿಗೆ ಸೇರಬೇಕೆಂದಿದ್ದರು. ಅವರಲ್ಲಿ ಕಾವ್ಯ ಎಂಬವಳ ಊರಿಗೆ ಬಸ್ಸೇ ಇರಲಿಲ್ಲ. ಸರೋಜಮ್ಮ ಅಡುಗೆಮನೆಯಲ್ಲಿ ಮೇಷ್ಟ್ರನ್ನು ಕೇಳಿದರು. ನಾನು ಬಾಗಿಲ ಬಳಿ ನಿಂತಿದ್ದೆ.

'ಪಿಯುಸಿ ಮುಗಿಯೋಗಂಟ ಇಲ್ಲೇ ಇರ್ಲಿ ಬಿಡು ಸರೋಜಾ. ಅವ್ರ ಅಪ್ಪಂದಿರ್ಗೆ ಹೇಳ್ಬಿಡು, ಮೇಷ್ಟ್ರು ಮಾತು ಕೊಟ್ಟವ್ರೆ ಅಂತ.'

ಸರೋಜಮ್ಮ ಐದು ಮನೆಗಳಿಗೂ ಹೋಗಿ ಹೇಳಿ ಬಂದರು. ಹುಡುಗಿಯರು ಕಾಲೇಜು ಸೇರಿದರು. ಆಷಾಢದ ಆ ಸಭೆಯಲ್ಲಿ ಗೋಪಾಲಪ್ಪ ವಿಷಯ ಎತ್ತಿದ. ಹೊಸ ಮಕ್ಕಳಿಗೆ ಜಾಗವಿಲ್ಲ, ದೊಡ್ಡ ಹುಡುಗಿಯರನ್ನು ಇಟ್ಟುಕೊಳ್ಳಿ ಎಂದವರು ಯಾರು? ಸರೋಜಮ್ಮನನ್ನು ಕರೆಸಿದರು.

'ಮೇಷ್ಟ್ರೇ ಹೇಳಿದ್ದು,' ಎಂದರು ಅವರು.

ಮೇಷ್ಟ್ರು ಅವರನ್ನೇ ನೋಡಿದರು. 'ನಾನೆಲ್ಲಮ್ಮ ಹೇಳ್ದೆ? ಹೇಳ್ಲಿಲ್ವಲ್ಲ.'

ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಮಾತು ಅವರೊಳಗೆ ಉಳಿದೇ ಇರಲಿಲ್ಲ.

'ಸಾರೂ ಇದ್ರು. ಅವ್ರನ್ನೇ ಕೇಳಿ,' ಎಂದು ಸರೋಜಮ್ಮ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ. ಸಾಕ್ಷಿ ಎದುರಿಗೇ ಇದ್ದಾರಲ್ಲ ಎಂಬ ನೆಮ್ಮದಿ ಇತ್ತು. ಸುದ್ದಿಮನೆಯಲ್ಲಿ ಹೊಸಬರಿಗೆ ನಾನೇ ಹೇಳಿಕೊಡುತ್ತಿದ್ದೆ — ಒಬ್ಬರ ಮಾತು ನಂಬಬೇಡಿ, ಎರಡನೆಯವರನ್ನು ಕೇಳಿ. ಆ ದಿನ ಎರಡನೆಯವನು ನಾನು.

ಹೌದು ಎಂದರೆ ಮೇಷ್ಟ್ರು ಮರೆತಿದ್ದಾರೆ ಎಂದಾಗುತ್ತಿತ್ತು. ಇನ್ನೇನೇನು ಮರೆತಿದ್ದಾರೆ ಎಂದು ಕೇಳುತ್ತಿದ್ದರು. ಇಷ್ಟು ದಿನ ಟ್ರಸ್ಟ್ ನಡೆಸಿದ್ದು ಯಾರು ಎಂದೂ...

'ನನಗೆ ನೆನಪಿಲ್ಲ,' ಎಂದೆ.

ಗೋಪಾಲಪ್ಪ, 'ಏನಮ್ಮಾ, ಮೇಷ್ಟ್ರ ಹೆಸ್ರಲ್ಲೇ ಸುಳ್ ಹೇಳ್ತೀಯಾ?' ಎಂದ. ಸರೋಜಮ್ಮ ನನ್ನನ್ನು ಇನ್ನೊಮ್ಮೆ ನೋಡಿದರು. ಆ ನೋಟದ ಬಗ್ಗೆ ನಾನು ಏನೂ ಬರೆಯಲಾರೆ.

ಅವರು ಆ ವಾರವೇ ಹೋದರು. ಹುಡುಗಿಯರೂ ಹಾಸ್ಟೆಲ್ ಬಿಡಬೇಕಾಯಿತು. ನಾಲ್ವರು ಹೇಗೋ ನೆಂಟರ ಮನೆಗಳಲ್ಲಿ ಇದ್ದು ಓದಿದರು. ಕಾವ್ಯ ಕಾಲೇಜು ಬಿಟ್ಟಳು. ಈಗ ಸೋಂಪುರದ ಒಂದು ಕಾರ್ಖಾನೆಯಲ್ಲಿದ್ದಾಳೆ. ಮರುವರ್ಷ ಮೇಷ್ಟ್ರು ಮನೆಯ ದಾರಿ ತಪ್ಪಿ ಸಂತೆಯ ಬಳಿ ಕೂತಿದ್ದಾಗ ಮರೆವಿನ ವಿಷಯ ಊರಿಗೆಲ್ಲ ತಿಳಿಯಿತು. ಆಗಲಾದರೂ ಯಾರಾದರೂ ಸರೋಜಮ್ಮನ ಮಾತನ್ನು ನೆನೆಯುತ್ತಾರೆಂದು ಕಾದೆ. ಯಾರೂ ನೆನೆಯಲಿಲ್ಲ. ನಾನೂ ನೆನಪಿಸಲಿಲ್ಲ — ಎರಡನೆಯ ಸಲ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ಹೋದ ತಿಂಗಳ ಸಭೆಯಲ್ಲಿ ನಾನು ಎದ್ದು ನಿಂತು ಇಷ್ಟನ್ನೂ ಹೇಳಿ, ಹುದ್ದೆ ಬಿಟ್ಟೆ. 'ಈಗ್ಯಾಕಪ್ಪಾ ಇದೆಲ್ಲಾ? ಮೇಷ್ಟ್ರ ಹೆಸ್ರು ಹಾಳಾಗಲ್ವಾ?' ಎಂದು ಗೋಪಾಲಪ್ಪ ಕೇಳಿದ. ಮೇಷ್ಟ್ರ ಹೆಸರು ಉಳಿಸಲು ಇನ್ನೊಬ್ಬರ ಹೆಸರು ಹಾಳು ಮಾಡಿದ್ದಾಗಿದೆ ಎಂದೆ.

ಸರೋಜಮ್ಮ ಈಗ ಸೂಲಿಬೆಲೆಯಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಹೋದೆ. 'ಕೂತ್ಕಳಿ ಸಾರ್' ಎಂದರು, ಮಜ್ಜಿಗೆ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ.

'ನಂಗ್ಯಾಕ್ ಸಾರ್ ಹೇಳ್ತೀರ? ನಂಗ್ ಗೊತ್ತಲ್ಲ ನಾನ್ ಸುಳ್ ಹೇಳಿಲ್ಲ ಅಂತ. ಆ ಮಕ್ಳ ಅಪ್ಪಂದಿರ್ಗೆ ಹೇಳಿ.'

ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಒಂದೊಂದೇ ಮನೆಗೆ ಹೋಗಿ ಹೇಳುತ್ತಾ ಬಂದೆ. ಕೊನೆಯದು ಕಾವ್ಯಳ ಮನೆ. ನಿನ್ನೆ ಹೋದಾಗ ಅವಳ ಅಪ್ಪ ಅಂಗಳದಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟು ಕಟ್ಟುತ್ತಿದ್ದರು. ಕೈ ನಿಲ್ಲಿಸದೆ ಕೇಳಿಸಿಕೊಂಡರು.

'ಆವಮ್ಮುನ್ನ ನಾನು ನಡುಬೀದೀಲಿ ನಿಲ್ಲಿಸ್ಕೊಂಡು ಬೈದಿದ್ದೆ,' ಎಂದರು.

ಸೊಪ್ಪನ್ನು ಅಲ್ಲೇ ಬಿಟ್ಟು ಕೈ ತೊಳೆದುಕೊಂಡರು. ಸರೋಜಮ್ಮನ ಮನೆ ಎಲ್ಲಿ ಎಂದು ಕೇಳಿದರು. ಹೇಳಿದೆ. ಬೈಕ್ ತೆಗೆದುಕೊಂಡು ಸೂಲಿಬೆಲೆ ಕಡೆಗೆ ಹೊರಟರು.