ಬಿಸಿಲು ಕಂಡ ನೀರು

ಮಣ್ಣಿನ ಅಣೆಕಟ್ಟು ಎಷ್ಟೇ ಗಟ್ಟಿಯಾಗಿದ್ದರೂ ಬುಡದಲ್ಲಿ ಒಂದಿಷ್ಟು ನೀರು ಒಸರುತ್ತದೆ. ಅದು ತಿಳಿಯಾಗಿರುವವರೆಗೆ ಭಯವಿಲ್ಲ. ಕದಡಿ ಬಂದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿರಬಹುದು. ಹದಿನಾಲ್ಕು ವರ್ಷಗಳಿಂದ ಈ ಒಸರನ್ನು ಅಳೆಯುತ್ತಿದ್ದವಳನ್ನು ಎಲ್ಲರೂ ಬಾಟ್ಲಿ ಅಕ್ಕ ಎನ್ನುತ್ತಿದ್ದರು. ಒಸರು ಬಂದು ಸೇರುವ ಚರಂಡಿಯ ಪಕ್ಕದಲ್ಲೇ ಅವಳ ಒಂದು ಕಿಟಕಿಯ ಕೋಣೆ. ದಿನಕ್ಕೆರಡು ಸಲ ನೀರಿನ ಪ್ರಮಾಣವನ್ನೂ ಉಷ್ಣತೆಯನ್ನೂ ಬರೆದು, ಗಾಜಿನ ಬಾಟಲಿಯೊಂದನ್ನು ತುಂಬಿ ಕಿಟಕಿಯಲ್ಲಿಡುತ್ತಿದ್ದಳು. ಮರುದಿನ ತಳದಲ್ಲಿ ಏನೂ ಕೂತಿರದಿದ್ದರೆ ಚೆಲ್ಲುತ್ತಿದ್ದಳು. ಮನೆಯಲ್ಲಿ ಜೇನು ಹಾಕಿಡಲು ಒಂದು ಬಾಟಲಿಯನ್ನೂ ಉಳಿಸಿಲ್ಲವೆಂದು ಅತ್ತೆಯ ಗೊಣಗಾಟ. ದಿನಾ "ಏನೂ ಇಲ್ಲ" ಎಂದು ಬರೆಯುವುದಕ್ಕೂ ಸಂಬಳ ಕೊಡುತ್ತಾರಲ್ಲ ಎಂದು ಗಂಡನ ತಮಾಷೆ.

ಬೇಸಿಗೆಯ ಒಂದು ಮಧ್ಯಾಹ್ನ ಬಾಟಲಿಯಲ್ಲಿ ಕೆಂಪು ನೀರು ತುಂಬಿತು. ಕೂಡಲೇ ಕಚೇರಿಗೆ ಫೋನ್ ಮಾಡಿದಳು. ಕೆಲಸಕ್ಕೆ ಹೊಸದಾಗಿ ಸೇರಿದ್ದ ಇಂಜಿನಿಯರ್ ಓಡಿ ಬಂದ. ನಿಯಮದ ಪ್ರಕಾರ ತೂಬು ತೆರೆದು ಜಲಾಶಯದ ಮಟ್ಟ ಇಳಿಸಬೇಕು. ತೆರೆದರೆ, ಕೆಳಗಿನ ಊರು ಮಳೆಗಾಲದವರೆಗೆ ಕುಡಿಯಬೇಕಾದ ನೀರೆಲ್ಲ ಹೊಳೆಯ ಪಾಲು. ಆತ ತೂಬಿನವನಿಗೆ ಹೇಳಲು ಫೋನ್ ತೆಗೆದ. ಅಷ್ಟರಲ್ಲಿ ಅವಳು ಥರ್ಮಾಮೀಟರ್ ಅದ್ದಿ ತೆಗೆದಿದ್ದಳು.

"ಸಾರ್, ಇದು ಕಟ್ಟೆ ಒಳಗಿನ ನೀರಲ್ಲ."

"ಕಣ್ಣಿಗೆ ಕಾಣ್ತಿದೆಯಲ್ಲಮ್ಮ."

"ಕಣ್ಣು ಬಿಡಿ, ಬೆರಳಿಟ್ಟು ನೋಡಿ. ಒಳಗಿಂದ ಬರೋದು ಯಾವತ್ತೂ ಇಪ್ಪತ್ತೆರಡು ಡಿಗ್ರಿ ದಾಟಿಲ್ಲ. ಈಗ ಇಪ್ಪತ್ತೇಳು. ಇದು ಬಿಸಿಲು ಕಂಡ ನೀರು. ಅರ್ಧ ಗಂಟೆ ಕೊಡಿ."

ಆತ ಅವಳ ರಿಜಿಸ್ಟರಿನಲ್ಲಿ ಹಿಂದಿನ ಬೇಸಿಗೆಗಳ ಪುಟ ತಿರುವಿದ. ಇಪ್ಪತ್ತೆರಡು ಎಲ್ಲೂ ದಾಟಿರಲಿಲ್ಲ. "ಅರ್ಧ ಗಂಟೆ. ಒಂದು ನಿಮಿಷ ಹೆಚ್ಚಿಲ್ಲ," ಎಂದ.

ಕಟ್ಟೆಯ ನೆತ್ತಿಯಲ್ಲಿ, ಕೆಳಗಿನ ತೋಟಕ್ಕೆ ನೀರುಣಿಸುವ ಕಪ್ಪು ಟ್ಯಾಂಕು ಇಡೀ ದಿನ ಬಿಸಿಲಲ್ಲಿ ಕಾಯುತ್ತಿತ್ತು. ಅದರ ಪೈಪು ಇಳಿಜಾರಿನ ಮಣ್ಣಿನಡಿ ಹಾದು ಬರುತ್ತಿತ್ತು. ಅವಳು ನೂರಹನ್ನೆರಡು ಮೆಟ್ಟಿಲು ಹತ್ತಿ ಟ್ಯಾಂಕಿನ ವಾಲ್ವ್ ಮುಚ್ಚಿ ಇಳಿದು ಬಂದಳು. ಇಪ್ಪತ್ತು ನಿಮಿಷವಾದರೂ ನೀರು ಕೆಂಪಗೇ ಇತ್ತು. ಆತ ಮತ್ತೆ ಫೋನಿಗೆ ಕೈಹಾಕಿದ.

"ಪೈಪಲ್ಲಿ ನಿಂತಿರೋದು ಹರಿದು ಹೋಗ್ಬೇಕಲ್ಲ ಸಾರ್," ಎಂದಳು, ಕೂತಲ್ಲಿಂದ ಅಲ್ಲಾಡದೆ.

ಮೊದಲು ಚರಂಡಿಯ ನೀರಿನ ಮಟ್ಟ ಹಳೆಯ ಗುರುತಿಗೆ ಇಳಿಯಿತು. ಇಪ್ಪತ್ತಾರನೆಯ ನಿಮಿಷಕ್ಕೆ ಇಪ್ಪತ್ತನಾಲ್ಕು ಡಿಗ್ರಿ. ಇಪ್ಪತ್ತೊಂಬತ್ತಕ್ಕೆ ಇಪ್ಪತ್ತೆರಡು, ಚರಂಡಿಯ ತಳದ ಕಲ್ಲುಗಳೂ ಕಂಡವು. ಸಂಜೆ ಅಗೆದು ನೋಡಿದರೆ ಪೈಪಿನ ಜೋಡಣೆಯೊಂದು ಬಾಯಿಬಿಟ್ಟಿತ್ತು; ಅಲ್ಲಿಂದ ಸೋರಿದ ನೀರು ಇಳಿಜಾರಿನ ಕೆಂಪು ಮೇಲ್ಮಣ್ಣನ್ನು ಚರಂಡಿಗೆ ತೊಳೆದು ತಂದಿತ್ತು.

ಕೆಂಪು ನೀರಿನ ಬಾಟಲಿಯನ್ನು ಅವಳು ಚೆಲ್ಲಲಿಲ್ಲ, ಹೋಲಿಸಿ ನೋಡಲು ಬೇಕಾಗುತ್ತದೆಂದು ಇಟ್ಟುಕೊಂಡಳು. ಮರುದಿನ ಇಂಜಿನಿಯರ್ ತನ್ನ ಮನೆಯಿಂದ ಎರಡು ಖಾಲಿ ಬಾಟಲಿ ತಂದುಕೊಟ್ಟ. ಒಂದು ಕಿಟಕಿಗೆ ಸೇರಿತು. ಇನ್ನೊಂದು ಅತ್ತೆಗೆ.