ಮೋಟ್ರು ಓಡದ ಹೊತ್ತು

ಹೆದ್ದಾರಿಗೆ ಮಾತ್ರ ಹೋಗಕೂಡದು ಎಂದು ಅಕ್ಕ ಹೇಳಿದ್ದಳು. ಭಾವನಿಗೆ ಸಕ್ಕರೆ ಕಾಯಿಲೆ ಶುರುವಾಗಿ, ದಿನವೂ ಮೈ ದಣಿಯಬೇಕು ಎಂದು ಡಾಕ್ಟರು ಅಂದಾಗ ಮಣ್ಣುದಾರಿಯಲ್ಲಿ ತುಳಿಯುವ ನನ್ನ ಹಳೆಯ ಗ್ರಾವೆಲ್ ಸೈಕಲ್ಲನ್ನು ಅವರಿಗೆ ಕೊಟ್ಟಿದ್ದೆ. ಹೊಲ ಮಾಡುವವರಿಗೆ ಬೇರೆ ದಣಿವು ಯಾಕೆ ಎಂದು ಯಾರಾದರೂ ಕೇಳಬಹುದು. ಹನಿ ನೀರಾವರಿ ಬಂದ ಮೇಲೆ ಭಾವ ಹೊಲಕ್ಕೂ ಮೊಪೆಡ್ಡಿನಲ್ಲೇ ಹೋಗಿ ಬರುತ್ತಿದ್ದರು.

"ಲಾರಿ ಓಡಾಡೋ ಕಡೆ ಬ್ಯಾಡ ಕಣೋ," ಅಂದಳು ಅಕ್ಕ. "ಕಾಡ್ ಕಡೆ ಎಲ್ಲಾದ್ರೂ ಹೋಗ್ರಿ. ಅಲ್ಲಿ ಭಯ ಇರಲ್ಲ."

ಕಾಡು ಅಂದರೆ ನಮ್ಮ ಕಡೆ ಅಂಥ ದೊಡ್ಡ ಕಾಡೇನಲ್ಲ. ಬಂಡೆಗುಡ್ಡಗಳು, ಲಂಟಾನದ ಪೊದೆ, ಸಾಲಾಗಿ ನಿಂತ ನೀಲಗಿರಿ, ನಡುವೆ ಅರಣ್ಯ ಇಲಾಖೆಯವರ ಜೀಪು ಯಾವಾಗಲೋ ಓಡಾಡಿ ಬಿದ್ದ ಎರಡು ಗೀರು ದಾರಿ. ನಾನು ಇರುವುದು ಕೋಲಾರದಲ್ಲಿ, ಕೆಲಸ ವೇಮಗಲ್ ಕಡೆಯ ಒಂದು ಕಾರ್ಖಾನೆಯಲ್ಲಿ. ಮೊದಲು ಮಾಲೂರಿನ ಕಡೆ, ಲಕ್ಕೂರಿನಾಚೆ ಸೈಕಲ್ ತುಳಿಯುತ್ತಿದ್ದೆ. ಅಲ್ಲಿಯ ಮಣ್ಣುದಾರಿಗಳಿಗೂ ಕಾರ್ಖಾನೆಯ ಬಸ್ಸುಗಳು ಬಂದವು. ಹಾಗಾಗಿ ಶನಿವಾರ ಸಂಜೆ ದೇವರಾಯಸಮುದ್ರದ ಹತ್ತಿರ ಇರುವ ಅಕ್ಕನ ಮನೆಗೆ ಹೋಗಿ ಮಲಗಿ, ಭಾನುವಾರ ಬೆಳಗ್ಗೆ ಭಾವನ ಜೊತೆ ಕೆರೆ ಏರಿ ದಾಟಿ ಗುಡ್ಡಗಳ ಹಿಂದಕ್ಕೆ ಹೋಗುವುದು ರೂಢಿಯಾಯಿತು.

ಭಾವ ಸೈಕಲ್ಲನ್ನು ಒಪ್ಪಿಕೊಂಡರೂ ಅದನ್ನು ಹಂಗಿಸುವುದು ಬಿಡಲಿಲ್ಲ. "ಏನ್ಲಾ ಇದು, ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್‌ಗಾರ್ಡಿಲ್ಲ. ಒಂದು ಹೊರೆ ಸೊಪ್ಪು ತರಾಕಾಗ್ದಿರೋ ಸೈಕಲ್ಲು ಯಾವೋನ್ ಕಂಡಿಡ್ದಿದ್ದು?" ಅವರ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಹಿಪ್ಪುನೇರಳೆ ಸೊಪ್ಪು ಹೊರದ ಗಾಡಿ ಗಾಡಿಯೇ ಅಲ್ಲ. ಆದರೂ ಅರ್ಧ ದಾರಿಗೆ ಬಂದ ಮೇಲೆ ಅವರು ಮಾತು ನಿಲ್ಲಿಸುತ್ತಿದ್ದರು. ದಪ್ಪ ಟಯರಿನ ಕೆಳಗೆ ಜಲ್ಲಿ ನುರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಎರಡು ಗಂಟೆ ತುಳಿದರೂ ಎದುರಿಗೆ ಒಂದು ಬೈಕು ಬರುತ್ತಿರಲಿಲ್ಲ. ನಾನು ಆ ದಾರಿಗಳಿಗೆ ಹೋಗುತ್ತಿದ್ದದ್ದೇ ಆ ನಿಶ್ಶಬ್ದಕ್ಕಾಗಿ. ಈಗ ಮನೆಯಲ್ಲಿ ಸದ್ದಡಗಿದರೆ ಎದ್ದು ಫ್ಯಾನು ಹಾಕುತ್ತೇನೆ.

ಅದು ಮಾವಿನ ಕಾಲ. ಹಿಂದಿನ ಸಂಜೆ ಒಂದು ಮಳೆ ಹೊಡೆದಿತ್ತು. ನೀಲಗಿರಿ ತೋಪು ಮುಗಿದು ಶ್ರೀನಿವಾಸಪುರದ ಕಡೆಯ ಮಾವಿನ ತೋಪುಗಳು ಶುರುವಾಗುವ ಜಾಗದಲ್ಲಿ ದಾರಿ ಒಂದು ಹಳ್ಳಕ್ಕೆ ಇಳಿಯುತ್ತದೆ. ನೀರಿತ್ತು. ಸೈಕಲ್ ಎತ್ತಿಕೊಂಡು ದಾಟಿದೆವು, ಇಬ್ಬರ ಬೂಟೂ ಒಳಗಿನವರೆಗೆ ನೆನೆದವು. ದಿಣ್ಣೆ ಹತ್ತಿದರೆ ದಾರಿಗೆ ಅಡ್ಡವಾಗಿ, ಮೊಣಕಾಲೆತ್ತರದಲ್ಲಿ ಒಂದು ತಂತಿ. ಅತ್ತಿತ್ತ ಗೂಟ ಹೊಡೆದು, ಗೂಟಕ್ಕೆ ಗಾಜಿನ ಬಾಟಲಿ ಸಿಕ್ಕಿಸಿ, ಬಾಟಲಿಯ ಕತ್ತಿಗೆ ತಂತಿ ಸುತ್ತಿದ್ದರು. ತಂತಿಯ ಮೇಲೆ ಹನಿಗಳು ಸಾಲಾಗಿ ತೂಗುತ್ತಿದ್ದವು.

"ಹಂದಿಗೆ ಬಿಟ್ಟವ್ನೆ," ಅಂದರು ಭಾವ. ಉದುರಿದ ಕಾಯಿಗೆ ಕಾಡುಹಂದಿ ಬರುತ್ತದೆಂದು ತೋಪು ಕಾಯುವವರು ರಾತ್ರಿ ತಂತಿಗೆ ಕರೆಂಟು ಹರಿಸುತ್ತಾರೆ, ಬೆಳಕು ಹರಿಯುವಾಗ ಬಿಚ್ಚುತ್ತಾರೆ. ಅದು ಕಾನೂನಿಗೆ ವಿರುದ್ಧ ಅನ್ನುವುದು ಎಲ್ಲರಿಗೂ ಗೊತ್ತು.

"ವಾಪಸ್ ಹೋಗೋಣ ಭಾವ," ಅಂದೆ.

"ಲೇ, ಕಿವಿ ಕೊಟ್ಟು ಕೇಳು. ಒಂದಾನ ಮೋಟ್ರು ಓಡ್ತಾ ಐತಾ?"

ಕೇಳಿದೆ. ಸುತ್ತ ಅಷ್ಟೊಂದು ಬೋರ್‌ವೆಲ್ಲುಗಳಿದ್ದರೂ ಒಂದರ ಗುಂಯ್ ಅನ್ನುವ ಸದ್ದೂ ಇರಲಿಲ್ಲ. ಪಂಪಿನ ಮೋಟರು ಓಡಬೇಕಾದರೆ ತ್ರೀಫೇಸ್ ಕರೆಂಟು ಬೇಕು. ಅದನ್ನು ಹೊತ್ತು ನೋಡಿ ಕೊಡುತ್ತಾರೆ. ನಮ್ಮ ಕಡೆಯವರಿಗೆ ಕರೆಂಟು ಬಂದದ್ದು, ಹೋದದ್ದು ತಿಳಿಯುವುದು ಗಡಿಯಾರದಿಂದಲ್ಲ, ಮೋಟರಿನ ಸದ್ದಿನಿಂದ. ಮೋಟರು ಸುಮ್ಮನಿದ್ದರೆ ಕರೆಂಟಿಲ್ಲ.

"ಮೋಟ್ರೇ ಓಡ್ತಿಲ್ಲ ಅಂದ್ಮೇಲೆ ಇದರಾಗೆ ಏನೈತೆ, ಮಣ್ಣು. ನಾನ್ ಎತ್ತಿಡ್ಕೊಂತೀನಿ, ನೀನು ಎರಡು ಸೈಕಲ್ಲೂ ಅಡಿಯಾಗಿಂದ ನೂಕು," ಎಂದು ಭಾವ ಬಗ್ಗಿ ಬಲಗೈಯಲ್ಲಿ ತಂತಿ ಹಿಡಿದರು.

ಅವರು ಕೂಗಲಿಲ್ಲ. ಎಲ್ಲರೂ ಕೂಗು ಕೇಳಿತಾ ಎಂದು ಕೇಳುತ್ತಾರೆ. ಗಂಟಲಿನೊಳಗೆ ಒಂದು ಸದ್ದು ಬಂತು, ನೀರು ಕಟ್ಟಿಕೊಂಡ ಪೈಪಿನಲ್ಲಿ ಬರುವಂಥದ್ದು. ಮುಷ್ಟಿ ಬಿಗಿಯಾಯಿತು. ಹಲ್ಲು ಕಾಣಿಸಿತು. ಅವರು ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡು ನಾನು ನಕ್ಕೆ. ಆಮೇಲೆ ಎರಡೂ ಸೈಕಲ್ ಕೈಬಿಟ್ಟು, ಅವರ ಹೆಗಲು ಹಿಡಿದು ಎಳೆಯಲು ಕೈ ಚಾಚಿದೆ.

"ಮುಟ್ಟುಕೋವದ್ದು! ಮುಟ್ಬ್ಯಾಡಪ್ಪೋ!"

ತೋಪಿನೊಳಗಿಂದ ಒಬ್ಬ ಹೆಂಗಸಿನ ಗಂಟಲು, ಮೊದಲು ತೆಲುಗಿನಲ್ಲಿ, ಆಮೇಲೆ ಕನ್ನಡದಲ್ಲಿ. ನನ್ನ ಕೈ ಭಾವನ ಅಂಗಿಯ ಹತ್ತಿರ, ಇನ್ನೇನು ತಾಗುವಷ್ಟರಲ್ಲಿ ನಿಂತಿತು. ಮರಗಳ ನಡುವೆ ಆಕೆ ತಲೆಯ ಮೇಲಿದ್ದ ಬಿಂದಿಗೆಯನ್ನು ಎಸೆದು ನಮ್ಮ ಕಡೆಗಲ್ಲ, ಹಿಂದಕ್ಕೆ, ಗುಡಿಸಲಿನ ಕಡೆಗೆ ಓಡಿದಳು. ಯಾಕೆ ದೂರ ಹೋಗುತ್ತಿದ್ದಾಳೆ ಎಂದು ನನಗೆ ಅರ್ಥವಾಗಲಿಲ್ಲ. ಆಕೆ ಮಾವು ಕೀಳುವ ದೋಟಿ ಹಿಡಿದು ಗುಡಿಸಲ ಪಕ್ಕದ ಕಂಬದ ಮೇಲಕ್ಕೆ ಬೀಸುತ್ತಿದ್ದುದು ಕಾಣಿಸಿತು. ಮೊದಲ ಸಲ ತಪ್ಪಿತು. ಅಷ್ಟು ಹೊತ್ತೂ ನಾನು ಭಾವನ ಪಕ್ಕದಲ್ಲಿ ನಿಂತಿದ್ದೆ. ಸುಟ್ಟ ವಾಸನೆ ಬರುತ್ತಿತ್ತು. ಎರಡನೇ ಬೀಸಿಗೆ, ಕಂಬದ ಲೈನಿಗೆ ಸಿಕ್ಕಿಸಿದ್ದ ಕೊಕ್ಕೆ ಕಳಚಿದಾಗ ಭಾವ ಚೀಲ ಬಿದ್ದಂತೆ ಬಿದ್ದರು.

ಉಸಿರಿರಲಿಲ್ಲ. ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ರಬ್ಬರ್ ಬೊಂಬೆಯೊಂದನ್ನು ಮಲಗಿಸಿ ಎದೆ ಒತ್ತುವುದನ್ನು ಕಲಿಸುತ್ತಾರೆ. ನಾವೆಲ್ಲ ನಗುತ್ತಾ ಒತ್ತಿ, ಟೀ ಕುಡಿದು ಬರುತ್ತಿದ್ದೆವು. ಬೊಂಬೆಯ ಎದೆ ಹೀಗಿರಲಿಲ್ಲ. ಭಾವನ ಎದೆಯೊಳಗೆ ಏನೋ ಲಟಕ್ಕೆಂದಾಗ ಕೈ ತೆಗೆಯಬೇಕೆನಿಸಿತು, ತೆಗೆಯಲಿಲ್ಲ. ಹೆಂಗಸು ಅವರ ಪಾದ ಉಜ್ಜುತ್ತಾ ಕೂತಿದ್ದಳು. ಗಂಡ ಕಾಯಿ ಲೋಡಿನ ಜೊತೆ ನಸುಕಿಗೇ ಮಂಡಿಗೆ ಹೋಗಿದ್ದನಂತೆ. "ಬೆಳಕಾದ ತಕ್ಷಣ ತೆಗ್ದುಬಿಡು ಅಂದಿದ್ರಣ್ಣಾ. ಒಂದು ಬಿಂದ್ಗೆ ನೀರ್ ತಂದು ತೆಗೆಯಾನಾ ಅಂತ ಹೋದೆ. ಒಂದೇ ಬಿಂದ್ಗೆ. ಈ ದಾರ್‍ಯಾಗೆ ಯಾರೂ ಬರಲ್ಲ, ಯಾರೂ ಬರಲ್ಲಣ್ಣಾ." ಅದನ್ನೇ ಹೇಳುತ್ತಿದ್ದಳು.

ತಂತಿಗೆ ಹರಿಸಿದ್ದ ಕರೆಂಟು ಮೋಟರಿನದಲ್ಲ, ಗುಡಿಸಲಿನ ಬಲ್ಬಿನ ಲೈನಿನದು. ಮೋಟರಿಗೆ ಕರೆಂಟು ಕೊಡದ ಹೊತ್ತಿನಲ್ಲೂ ದೀಪಕ್ಕೆ ಸಿಂಗಲ್ ಫೇಸ್ ಇರುತ್ತದೆ. ಅವಳು ದೋಟಿ ಬೀಸಿದ ಕಂಬದ ಪಕ್ಕ, ಆ ಬೆಳಕಿನಲ್ಲೂ, ಬಲ್ಬು ಮಂಕಾಗಿ ಉರಿಯುತ್ತಿತ್ತು. ನಾವು ಅಷ್ಟು ಕಿವಿಗೊಟ್ಟು ಕೇಳಿದ್ದೆವು. ಇಬ್ಬರಲ್ಲಿ ಒಬ್ಬರೂ ಕಣ್ಣೆತ್ತಿ ಆ ಕಡೆ ನೋಡಿರಲಿಲ್ಲ.

ಭಾವ ಒಮ್ಮೆ ಕೆಮ್ಮಿದರು. ಆಮೇಲೆ ಉಸಿರು ಬಂತು, ಹೋಯಿತು, ಮತ್ತೆ ಬಂತು. ಪಕ್ಕದ ತೋಪಿಗೆ ಕಾಯಿ ತುಂಬಲು ಬಂದಿದ್ದ ಟೆಂಪೋವನ್ನು ಆ ಹೆಂಗಸೇ ಕೂಗಿ ಕರೆದಳು. ಹುಲ್ಲಿನ ಮೇಲೆ ಭಾವನನ್ನು ಮಲಗಿಸಿಕೊಂಡು ಶ್ರೀನಿವಾಸಪುರಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಕೋಲಾರಕ್ಕೆ ಹೋದೆವು. ದಾರಿಯುದ್ದಕ್ಕೂ ಅವರ ಮೂಗಿನ ಮುಂದೆ ಬೆರಳು ಹಿಡಿದಿದ್ದೆ. ಪೊಲೀಸರು ಬಂದರು, ತಂತಿ ಎಲ್ಲಿತ್ತು, ಹೇಗಿತ್ತು ಅನ್ನುವುದನ್ನು ಹೇಳಿದೆ. ಆ ತೋಪಿನಲ್ಲಿ ಈಗ ಬೇರೆ ಯಾರೋ ಕಾವಲಿದ್ದಾರಂತೆ.

ಬಲಗೈಯ ಎರಡು ಬೆರಳು ತೆಗೆದರು. ಉಳಿದವು ಬಗ್ಗುವುದಿಲ್ಲ. ಸೊಪ್ಪು ಕೊಯ್ಯುವ ಕೈ ಅದು. ಭಾವ ಎಡಗೈಯಲ್ಲಿ ಅನ್ನ ಕಲಸುವುದನ್ನು ನೋಡಲಾಗದೆ ಅಕ್ಕ ತಾನೇ ಕಲಸಿ ತುತ್ತು ಮಾಡಿ ತಟ್ಟೆಯಲ್ಲಿ ಇಡುತ್ತಾಳೆ. ಸೈಕಲ್ಲುಗಳನ್ನು ಯಾರೋ ತಂದು ಕೊಟ್ಟರು. ಅಕ್ಕ ಅವನ್ನು ಕಣ್ಣಿಗೆ ಬೀಳದ ಹಾಗೆ ಮನೆಯ ಹಿಂದೆ ಇಡಿಸಿದಳು.

ಭಾವನಿಗೆ ಏನೂ ನೆನಪಿಲ್ಲ. ಮೋಟರು ಓಡುತ್ತಿರಲಿಲ್ಲ ಎನ್ನುವವರೆಗೆ ನೆನಪು, ಆಮೇಲೆ ಆಸ್ಪತ್ರೆಯ ಫ್ಯಾನು. ನಡುವಿನದ್ದೆಲ್ಲ ನನ್ನ ಹತ್ತಿರವೇ ಉಳಿದಿದೆ. ಕಾರ್ಖಾನೆಯಲ್ಲಿ ಕೆಲಸ ಮಾಡುವಾಗ, ಹಲ್ಲುಜ್ಜುವಾಗ ಅದು ಬರುತ್ತದೆ. ಕೆಲವು ಸಲ ಆ ಹೆಂಗಸು ಕೂಗುವುದಿಲ್ಲ. ನನ್ನ ಕೈ ಹೋಗಿ ಭಾವನ ಹೆಗಲಿಗೆ ತಾಗುತ್ತದೆ. ಕೆಲವು ಸಲ ದೋಟಿ ಎರಡನೇ ಸಲವೂ ತಪ್ಪುತ್ತದೆ.

ಕಡ್ಲೆಕಾಯಿ ಕಟ್ಟುವ ಕಾಲಕ್ಕೆ ಭಾವ ಫೋನ್ ಮಾಡಿ ಕರೆದರು. ಹೋದೆ. ಹೊಲದ ಬದುವಿನ ಮೇಲೆ ನಿಂತಿದ್ದರು. ಒಂದು ಮೂಲೆ ಪೂರ್ತಿ ಹಂದಿಗಳು ಕೆದಕಿ ಹಾಕಿದ್ದವು. ಅವರ ಕಾಲ ಹತ್ತಿರ ಒಂದು ಸಿಂಬಿ ತಂತಿ, ಒಂದು ಚೀಲದಲ್ಲಿ ಬಾಟಲಿಗಳು.

"ನೀನ್ ಸ್ವಲ್ಪ ಕಟ್ಟಿಕೊಡು. ನಂಗೆ ಬೆರಳು ಬಗ್ಗಲ್ಲ."

ನನಗೆ ಆಗ ಗೊತ್ತಾಯಿತು. ಆ ಬೆಳಗ್ಗೆ ತಂತಿಯನ್ನು ನೋಡಿದ ಕೂಡಲೆ ಅಷ್ಟು ಧೈರ್ಯವಾಗಿ ಹೇಳಿದರಲ್ಲ, ಅವರ ಹೊಲದಲ್ಲೂ ವರ್ಷ ವರ್ಷ ಕಟ್ಟುತ್ತಿದ್ದರು. ಅವರದು ಮೋಟರಿನ ಸ್ಟಾರ್ಟರಿನಿಂದ ಎಳೆದದ್ದು, ಮೋಟರು ನಿಂತರೆ ತಂತಿಯೂ ಸಾಯುತ್ತಿತ್ತು. ಎಲ್ಲರೂ ತಮ್ಮ ಹಾಗೇ ಕಟ್ಟಿರುತ್ತಾರೆ ಅಂದುಕೊಂಡಿದ್ದರು.

"ಭಾವ, ಇನ್ನೂ ಇದನ್ನ ಕಟ್ತೀರಾ?"

"ಅವರ್ದು ಬ್ಯಾರೆ, ನಮ್ದು ಬ್ಯಾರೆ ಕಣೋ. ನಮ್ದು ಸ್ಟಾರ್ಟರ್‌ದು. ಬೆಳಗ್ಗೆ ನಾನೇ ಬಂದು ತೆಗೀತೀನಿ."

"ಅವರೂ ತೆಗೀತಿದ್ರು."

"ಮತ್ತೆ ಹಂದಿಗೆ ಹಾಕ್ಬಿಡಾನಾ ಎಲ್ಲಾ? ನಿಮ್ಮಕ್ಕನೂ ಹಿಂಗೇ ಅಂತಾಳೆ. ಏನಾಗೋಯ್ತು ಈಗ, ಎರಡ್ ಬೆರಳು ಹೋಯ್ತು, ಬದುಕಿಲ್ವಾ ನಾನು?"

ನಾನು ಬದುವಿನ ಮೇಲೆ ಕೂತೆ. ಅಕ್ಕನಿಗೂ ಪೊಲೀಸರಿಗೂ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ. ಗಂಟಲಿನ ಸದ್ದು ಹೇಗಿತ್ತೆಂದು ಹೇಳಿದೆ. ನಾನು ನಕ್ಕಿದ್ದು, ಅವರ ಹಲ್ಲು, ಪ್ಯಾಂಟು ಒದ್ದೆಯಾದದ್ದು, ಕಣ್ಣುಗುಡ್ಡೆ ಮೇಲಕ್ಕೆ ಹೋದದ್ದು, ಎದೆಯೊಳಗೆ ಮುರಿದ ಸದ್ದು, ಕೆಮ್ಮುವ ತನಕ ಅವರು ಹೆಣವಾಗಿದ್ದದ್ದು. ನಡುವೆ ಒಂದು ಸಲ ಭಾವ, "ನಾನಾ?" ಅಂದರು. "ನೀವೇ," ಅಂದೆ.

ಅವರು ಹಂದಿ ಕೆದಕಿದ ಮೂಲೆಯನ್ನು ನೋಡಿದರು. ಆಮೇಲೆ ತಂತಿಯ ಸಿಂಬಿಯನ್ನು ಎಡಗೈಯಲ್ಲಿ ಎತ್ತಿಕೊಂಡು ಮನೆಯ ಕಡೆ ನಡೆದರು. ಬಾಟಲಿಯ ಚೀಲವನ್ನು ನಾನು ಹೊತ್ತೆ.

ಆ ಸಲ ಅರ್ಧಕ್ಕಿಂತ ಹೆಚ್ಚು ಕಡ್ಲೆಕಾಯಿ ಹಂದಿಗಳ ಪಾಲಾಯಿತು. ಭಾವ ತಮಟೆ ಬಡಿದು, ಬೆಂಕಿ ಹಾಕಿ ಕಾದರು, ಅಕ್ಕನೂ ಕಾದಳು. ಯಾರೂ ನನ್ನನ್ನು ದೂರಲಿಲ್ಲ. ಆದರೆ ಭಾವ ನನ್ನನ್ನು ಹಂಗಿಸುವುದನ್ನು ನಿಲ್ಲಿಸಿದ್ದಾರೆ. ಹೋದರೆ ಕುರ್ಚಿ ಹಾಕುತ್ತಾರೆ, ಊಟಕ್ಕೆ ಏಳು ಅನ್ನುತ್ತಾರೆ, ಹೊರಗೆ ಹೋಗಿ ಕೂರುತ್ತಾರೆ. ನಾನು ಎದುರಿಗಿದ್ದಷ್ಟು ಹೊತ್ತೂ ಆ ಕೈಯನ್ನು ಟವೆಲ್ಲಿನ ಕೆಳಗೆ ಇಟ್ಟುಕೊಂಡಿರುತ್ತಾರೆ.