ಮೂರನೇ ಸೀಟು ಬಿಟ್ಟು ಏಳದ ಗಂಗಮ್ಮ

ನಾಲ್ಕು ಗಂಟೆಗೆ ಇನ್ನೂ ಇಪ್ಪತ್ತು ನಿಮಿಷವಿರುವಾಗ ಇಟ್ಟಮಡುವಿನ ಸೈಬರ್ ಕೆಫೆಯಲ್ಲಿ ಕರೆಂಟ್ ಹೋಯಿತು. ಎಲ್ಲರೂ ಎದ್ದರೂ ನಮ್ಮ ಪಕ್ಕದ ಮನೆಯ ಗಂಗಮ್ಮ ಮಾತ್ರ ಮೂರನೇ ಸೀಟು ಬಿಟ್ಟು ಏಳಲಿಲ್ಲ. ಮಸ್ಕತ್‌ನಲ್ಲಿ ನರ್ಸ್ ಆಗಿದ್ದ ಮಗಳು ಪ್ರತಿ ಭಾನುವಾರ ನಾಲ್ಕಕ್ಕೆ ಆ ಕಂಪ್ಯೂಟರಿಗೇ ಕರೆ ಮಾಡುತ್ತಾಳೆಂದು ಅವರು ನಂಬಿದ್ದರು.

"ನಾನು ಎದ್ದು ಹೋದ್ರೆ ಅವಳಿಗೆ ಸಿಗಲ್ಲ ಕಣಮ್ಮ. ನಾಳೆ ಅವಳಿಗೆ ಆಪರೇಷನ್."

ಬಲವಂತವಾಗಿ ಎಬ್ಬಿಸಿ, ಆಟೊದಲ್ಲಿ ಕತ್ರಿಗುಪ್ಪೆಯ, ಕರೆಂಟಿದ್ದ ಇನ್ನೊಂದು ಸೈಬರಿಗೆ ಕರೆದೊಯ್ದೆ. ಅವರ ಚೀಟಿಯಲ್ಲಿ ಬರೆದಿದ್ದ ಹೆಸರು, ಪಾಸ್‌ವರ್ಡ್ ಟೈಪ್ ಮಾಡಿ ಹೆಡ್‌ಫೋನ್ ಕೊಟ್ಟೆ. ನಿಜ ಹೇಳಬೇಕೆಂದರೆ, ಕರೆ ಇಲ್ಲಿಗೂ ಬರುತ್ತದೆಂಬ ಧೈರ್ಯ ನನಗೂ ಇರಲಿಲ್ಲ. ಸರಿಯಾಗಿ ನಾಲ್ಕಕ್ಕೆ ರಿಂಗಾಯಿತು.

"ನಾನಿಲ್ಲಿದೀನಿ ಅಂತ ನಿಂಗೆ ಯಾರೇ ಹೇಳಿದ್ರು?" ಎಂದರು ಗಂಗಮ್ಮ.

ಹೆಡ್‌ಫೋನಿಗೆ ಕಿವಿಯಾನಿಸಿದ್ದ ನನಗೂ ಮಗಳ ಉತ್ತರ ಕೇಳಿಸಿತು. "ಯಾಕಮ್ಮ, ಎಲ್ಲಿದೀಯಾ? ಯಾವಾಗಿನ ಥರಾನೇ ನಿನ್ ಹೆಸರು ಒತ್ತಿದೆ, ಅಷ್ಟೇ."

ಮನೆ ಬದಲಿಸಿದಾಗಲೆಲ್ಲ ಲ್ಯಾಂಡ್‌ಲೈನ್ ನಂಬರನ್ನು ಹಳೆಯ ಮನೆಯ ಗೋಡೆಯಲ್ಲೇ ಬಿಟ್ಟು ಬಂದಿದ್ದ ನನಗೆ, ಕರೆ ಹೆಸರಿನ ಹಿಂದೆಯೇ ಬಂದದ್ದು ಸೋಜಿಗವೆನಿಸಿತು. ಮಗಳು ಚೇತರಿಸಿಕೊಂಡ ಮೇಲಿನ ಮೊದಲ ಭಾನುವಾರ ಇಟ್ಟಮಡುವಿನ ಕೆಫೆಯ ಮೂರನೇ ಸೀಟಿನಲ್ಲಿ ಬೇರೆ ಯಾರೋ ಕೂತಿದ್ದರು. ಗಂಗಮ್ಮ ಅತ್ತ ನೋಡಲೂ ಇಲ್ಲ. ಖಾಲಿಯಿದ್ದ ಕುರ್ಚಿಯಲ್ಲಿ ಕೂತು ಹೆಡ್‌ಫೋನಿಗೆ ಕೈಚಾಚಿದರು.